ಅಟ್ಟದ ಮೇಲಿನ ದುಡಿ: ಐನ್‌ಮನೆಗಳವರಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಹುದಿಕೇರಿ ಮತ್ತು ಸುತ್ತಲಿನ ಊರುಗಳ ಒಕ್ಕಗಳ (ಕುಲಗಳ) ಪಟ್ಟೆದಾರರಿಗೆ, ಒಕ್ಕದ ಮೂಲಮನೆಯಾದ ಐನ್‌ಮನೆಯ ಉಸ್ತುವಾರಿ ಹೊತ್ತಿರುವ ಎಲ್ಲರಿಗೆ, ಕೈಲ್‌ಪೊಳ್ದಿಗೂ ಪುತ್ತರಿ ಹಬ್ಬಕ್ಕೂ ಬೆಂಗಳೂರು, ಮೈಸೂರಿನಿಂದ ಊರಿಗೆ ಬರುವ ಮಕ್ಕಳಿಗೆ ಈ ಪತ್ರ.

ನಮ್ಮ ಕಡೆ ಈಗ ಐನ್‌ಮನೆ ರಿಪೇರಿ ಮಾಡಿಸುವ ಒಕ್ಕಗಳು ಹೆಚ್ಚುತ್ತಿವೆ. ಹೆಂಚು ಇಳಿಸುತ್ತಾರೆ, ಗೆದ್ದಲು ಹಿಡಿದ ರೀಪು ಬದಲಿಸುತ್ತಾರೆ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ಕಂಬಗಳನ್ನು ತೊಳೆದು ಎಣ್ಣೆ ಕೊಡುತ್ತಾರೆ. ನೋಡಲು ಸಂತೋಷವಾಗುತ್ತದೆ. ಇದೇ ಸಮಯಕ್ಕೆ ಅಟ್ಟವೂ ಖಾಲಿಯಾಗುತ್ತದೆ. ಒಡಿಕತ್ತಿ, ಪೀಚೆಕತ್ತಿ ಸಿಕ್ಕರೆ ಜೋಪಾನವಾಗಿ ಒಳಗೆ ಹೋಗುತ್ತವೆ. ಹಿತ್ತಾಳೆ ದೀಪ, ಕಂಚಿನ ತಟ್ಟೆಗಳಿಗೂ ಬೆಲೆ ಗೊತ್ತಿದೆ. ಆದರೆ ಚರ್ಮ ಹರಿದ, ಹಗ್ಗ ಸಡಿಲಾದ, ಒಂದು ಗೇಣುದ್ದದ ಮರದ ತುಂಡು ಸಿಕ್ಕರೆ? ಒಂದೋ ಅದು ಹಳೆಯ ರೀಪಿನ ಜೊತೆ ಒಲೆಗೆ ಹೋಗುತ್ತದೆ, ಇಲ್ಲವೇ ಯಾರೋ ಆಸೆಪಟ್ಟು ವಾರ್ನಿಷ್ ಬಳಿದು ಷೋಕೇಸಿನಲ್ಲಿ ಇಡುತ್ತಾರೆ. ಒಲೆಗೆ ಹಾಕಿದ್ದು ಹೇಗೂ ಹೋಯಿತು. ವಾರ್ನಿಷ್ ಬಳಿದದ್ದೂ ಅಷ್ಟೇ ಮಟ್ಟಿಗೆ ಹೋಯಿತು ಎಂದು ನಿಮಗೆ ತಿಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಇಷ್ಟೇ. ಆ ಮರದ ತುಂಡು ದುಡಿ ಎಂಬ ಪುಟ್ಟ ಡೋಲು. ಅದು ಯಾವುದು, ಯಾರದು, ಯಾವುದರಿಂದ ಮಾಡಿದ್ದು ಎಂದು ತಿಳಿಯುವ ತನಕ ಅದಕ್ಕೆ ಕೈ ಹಚ್ಚಬೇಡಿ. ತಿಳಿದ ಮೇಲೆ, ಮತ್ತೆ ಹಾಡುವವರ ಕೈಗೆ ಹೋಗುವ ಹಾಗೆ ರಿಪೇರಿ ಮಾಡಿಸಿ.

ದುಡಿ ಕೊಟ್ಟಿ, ಅಂದರೆ ಬಾರಿಸಿ, ಹಾಡುವುದನ್ನು ಕೇಳಿಯೇ ಬೆಳೆದವರಿಗೆ ಅದೇನೆಂದು ಹೇಳಬೇಕಿಲ್ಲ. ಆದರೆ ಈ ಪತ್ರ ಓದುವ ಮಕ್ಕಳಲ್ಲಿ ಹಲವರು ಅದನ್ನು ವೇದಿಕೆಯ ಮೇಲೆ, ಮೈಕಿನ ಮುಂದೆ ಮಾತ್ರ ನೋಡಿದ್ದೀರಿ. ನಾಲ್ವರು ಹಾಡುಗಾರರು, ನಾಲ್ವರ ಕೈಯಲ್ಲೂ ದುಡಿ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಮದುವೆಗೂ ಸಾವಿಗೂ, ಪುತ್ತರಿಯ ಮನೆಪಾಟಿಗೂ, ದೇವರ ಹಬ್ಬಕ್ಕೂ ಬಾಳೋಪಾಟ್ ಎಂಬ ನಮ್ಮ ಹಾಡು ನಡೆಯುವುದು ಈ ನಾಲ್ಕು ದುಡಿಗಳ ಮೇಲೆಯೇ. ಹಾಡಿನ ಮಾತುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿ, 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಆಮೇಲೆ ಮನೆಮನೆಗೆ ಹೋಗಿ ಐನ್‌ಮನೆಗಳನ್ನೇ ದಾಖಲು ಮಾಡಿದರು. ನೂರು ವರ್ಷ ದಾಟಿದ ಆ ಪುಸ್ತಕದಿಂದಾಗಿ ಮಾತು ಉಳಿಯಿತು. ಆ ಮಾತನ್ನು ಯಾವ ಶ್ರುತಿಯಲ್ಲಿ ಹೇಳುತ್ತಿದ್ದರು, ಕೋಲಿನ ಪೆಟ್ಟು ಎಷ್ಟು ಚುರುಕಾಗಿ ಕೇಳುತ್ತಿತ್ತು, ನಾಲ್ಕು ದುಡಿ ಒಟ್ಟಿಗೆ ನುಡಿದಾಗ ಏನಾಗುತ್ತಿತ್ತು ಎಂಬುದು ಅಚ್ಚಿನಲ್ಲಿ ಸಿಗುವುದಿಲ್ಲ. ಅದರ ಸುಳಿವು ಇರುವುದು ಹಳೆಯ ದುಡಿಗಳ ಒಡಲಲ್ಲಿ. ಹಾಗಾಗಿ ಅಟ್ಟದಿಂದ ಇಳಿಯುವ ಪ್ರತಿ ದುಡಿಯೂ ನನ್ನ ಪಾಲಿಗೆ ದಾಖಲೆಯೇ.

ಇದರ ರಚನೆ ನೋಡಲು ಸರಳ. ಎರಡು ಬಾಯಿ ಅಗಲ, ಸೊಂಟ ಸಣ್ಣ. ಶಿವನ ಡಮರು, ತಮಿಳುನಾಡಿನ ಉಡುಕ್ಕೈ, ಕೇರಳದ ದೇವಸ್ಥಾನಗಳ ಇಡಕ್ಕ, ಜಪಾನಿನ ತ್ಸುಝುಮಿ, ಪಶ್ಚಿಮ ಆಫ್ರಿಕದ ಮಾತಾಡುವ ಡೋಲು, ಎಲ್ಲವೂ ಇದೇ ಕುಲದವು. ಚರ್ಮವನ್ನು ನೇರವಾಗಿ ಬಾಯಿಗೆ ಅಂಟಿಸಿರುವುದಿಲ್ಲ. ಅದನ್ನು ಒಂದು ಬಳೆಗೆ ಸುತ್ತಿ, ಆ ಬಳೆಯನ್ನು ಬಾಯಿಯ ಮೇಲೆ ಕೂರಿಸಿ, ಎರಡೂ ಬಳೆಗಳ ನಡುವೆ ಹಗ್ಗವನ್ನು ಅಂಕುಡೊಂಕಾಗಿ ಎಳೆದು ಕಟ್ಟಿರುತ್ತಾರೆ. ಎಡಗೈಯಲ್ಲಿ ಹಿಡಿದು ಹಗ್ಗಗಳನ್ನು ಅದುಮಿದರೆ ಚರ್ಮ ಬಿಗಿಯುತ್ತದೆ, ನಾದ ಮೇಲೇರುತ್ತದೆ. ಇದರಲ್ಲಿ ಒಂದು ಲೆಕ್ಕ ಅಡಗಿದೆ. ನಾದ ಎರಡು ಪಟ್ಟು ಏರಬೇಕಾದರೆ ಬಿಗಿ ನಾಲ್ಕು ಪಟ್ಟು ಏರಬೇಕು. ಬಹಳ ಜಗ್ಗುವ ಹಗ್ಗವಾದರೆ ಅದುಮಿದ ಬಲವೆಲ್ಲ ಹಗ್ಗದಲ್ಲೇ ಉಳಿದುಹೋಗುತ್ತದೆ. ಹೀಗಾಗಿ ಹಗ್ಗವೂ ವಾದ್ಯದ ಭಾಗವೇ. ಅದನ್ನು ಕತ್ತರಿಸಿ ಎಸೆದು, ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಕಟ್ಟಿದರೆ ದುಡಿಯ ಅರ್ಧ ಗುಣ ಅಲ್ಲೇ ಕಳೆಯಿತು.

ಗುರುತಿಸುವ ಕೆಲಸಕ್ಕೆ ಬರುತ್ತೇನೆ. ‘ಇದು ರಾಜರ ಕಾಲದ್ದು’ ಎಂಬ ಮಾತನ್ನು ಬಹಳ ಮನೆಗಳಲ್ಲಿ ಕೇಳುತ್ತೇನೆ. ಹಾಲೇರಿ ರಾಜರ ಆಳ್ವಿಕೆ 1834ಕ್ಕೆ ಮುಗಿಯಿತು. ಅಂದರೆ ಇನ್ನೂರು ವರ್ಷದ ಹತ್ತಿರದ ಮಾತು. ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಮರದ ವಯಸ್ಸನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹೇಳಿಸಬಹುದೆಂದು ನಂಬಿ ದುಡಿಯಿಂದ ಚೂರು ಕೆತ್ತಿಸಬೇಡಿ. ಇಂಗಾಲದ ಪರೀಕ್ಷೆ ಸಾವಿರಾರು ವರ್ಷದ ವಸ್ತುಗಳಿಗೆ ಒಳ್ಳೆಯದು. 1650ರಿಂದ ಈಚಿನದಕ್ಕೆ ಅದು ಕೊಡುವ ಉತ್ತರ ಇನ್ನೂರು ಮುನ್ನೂರು ವರ್ಷದ ಉದ್ದಕ್ಕೂ ಹರಡಿಕೊಂಡಿರುತ್ತದೆ. ವರ್ಷದುಂಗುರ ಎಣಿಸುವ ದಾರಿ ಯುರೋಪಿನ ಪಿಟೀಲುಗಳಿಗೆ ಒದಗಿದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿರುವ, ಸ್ಟ್ರಾಡಿವಾರಿ 1716ರಲ್ಲಿ ಮಾಡಿದ್ದೆನ್ನುವ ‘ಮೆಸಾಯ’ ಪಿಟೀಲು ನಿಜವಾದುದೇ ಎಂದು ದೊಡ್ಡ ಜಗಳವೆದ್ದಾಗ, ಅದರ ಮುಖಹಲಗೆಯ ಕೊನೆಯ ಉಂಗುರ 1680ರ ದಶಕದ್ದೆಂದು ಎಣಿಸಿ ತೋರಿಸಿದರು. ಅದು ಚಳಿದೇಶದ ಸ್ಪ್ರೂಸ್ ಮರ. ವರ್ಷಕ್ಕೊಂದು ಗೆರೆ ಸ್ಪಷ್ಟವಾಗಿ ಮೂಡುತ್ತದೆ. ನಮ್ಮ ಹಲಸಿನಲ್ಲಿ ಅಂಥ ಗೆರೆ ನಂಬುವಂತಿಲ್ಲ. ತೇಗದಲ್ಲೂ ನೊಗದ ಮರದಲ್ಲೂ ಉಂಗುರ ಕಾಣುತ್ತದೆ ನಿಜ, ಆದರೆ ಗೇಣುದ್ದದ ಒಡಲಿನಲ್ಲಿ ಹೊಂದಿಸಿ ನೋಡುವಷ್ಟು ಉಂಗುರಗಳು ಎಲ್ಲಿಂದ ಬರಬೇಕು?

ಹಾಗಾಗಿ ಕಣ್ಣು, ಮೂಗು, ಬೆರಳು ಇವುಗಳನ್ನೇ ನಂಬಬೇಕು. ತೂಕ ನೋಡಿ. ಬೀಟೆಯಾದರೆ ಕೈಗೆ ಭಾರ, ಬಣ್ಣ ನೇರಳೆ ಕಪ್ಪು. ನೊಗವಾದರೆ ಹಗುರ, ಕೆಂಪು ಛಾಯೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಹೊರಗೆ ಹೊಗೆ ಹಿಡಿದು ಕಪ್ಪಾಗಿದ್ದರೂ ಬಳೆ ಸರಿಸಿದ ಕಡೆ ಆ ಹಳದಿಯ ನೆನಪು ಉಳಿದಿರುತ್ತದೆ. ಹೊನ್ನೆಯ ಹೊಟ್ಟನ್ನು ನೀರಿಗೆ ಹಾಕಿದರೆ ನೀರು ನೀಲಿಯಾಗಿ ಮಿನುಗುತ್ತದೆ ಎಂಬುದು ಮರದ ಕೆಲಸದವರಿಗೆಲ್ಲ ಗೊತ್ತು. ಆದರೆ ಅದನ್ನು ನೋಡಲು ದುಡಿಯನ್ನು ಕೆರೆಯಬೇಡಿ. ಬಾಯಿಯ ಒಳಗೆ ತಾನಾಗಿ ಉದುರಿದ ಧೂಳು ಸಿಕ್ಕರೆ ಸಾಕು.

ಆಮೇಲೆ ಉಪಕರಣದ ಗುರುತು. ಕೈಯಿಂದ ಕೊರೆದದ್ದಾದರೆ ಉಳಿಯ ಚಪ್ಪಟೆ ಕಚ್ಚುಗಳು ಒಂದರ ಪಕ್ಕ ಒಂದು, ಒಂದೇ ಸಮ ಇಲ್ಲದೆ ಇರುತ್ತವೆ. ಕಡೆಯುವ ಯಂತ್ರದಲ್ಲಿ ತಿರುಗಿಸಿ ಮಾಡಿದ್ದಾದರೆ ಒಳಗೆಲ್ಲ ಸುತ್ತುಗೆರೆಗಳು. ಬಳೆ ಬಿದಿರಿನದೋ ಬೆತ್ತದ್ದೋ ಕಬ್ಬಿಣದ ತಂತಿಯದೋ ನೋಡಿ. ಹಗ್ಗ ನೈಲಾನಿನದಾದರೆ ಆ ಕಟ್ಟು ಸ್ವಾತಂತ್ರ್ಯ ಬಂದ ಮೇಲಿನದೆಂದು ಬಹುಪಾಲು ಧೈರ್ಯದಿಂದ ಹೇಳಬಹುದು, ಏಕೆಂದರೆ ನೈಲಾನ್ ಹುಟ್ಟಿದ್ದೇ 1935ರಲ್ಲಿ, ನಮ್ಮ ಪೇಟೆಗಳಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಬಿರುಕಿನಲ್ಲಿ ಬಿಳಿ ಅಂಟು ಗಟ್ಟಿಯಾಗಿದ್ದರೆ, ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ ಎಂದು ನೆನಪಿಡಿ. ಆದರೆ ಕಟ್ಟು ಹೊಸದಾದ ಮಾತ್ರಕ್ಕೆ ಒಡಲೂ ಹೊಸದು ಎನ್ನುವಂತಿಲ್ಲ. ಚರ್ಮ, ಹಗ್ಗ, ಬಳೆ ಸವೆದು ಬದಲಾಗುವವು. ಒಂದೇ ದುಡಿಯಲ್ಲಿ ಮೂರು ತಲೆಮಾರು ಒಟ್ಟಿಗಿರಬಹುದು. ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮನೆಯವರು ಹಳೆಯ ಕುಪ್ಯ ಅಂಗಿಯ ಚೂರಿನಲ್ಲಿ ಸುತ್ತಿ ಒಂದು ದುಡಿ ತಂದುಕೊಟ್ಟರು. ಹಗ್ಗ ಹಸಿರು ನೈಲಾನ್. ಒಂದು ಬಳೆ ಬಿದಿರು, ಇನ್ನೊಂದು ಕಬ್ಬಿಣದ ತಂತಿ, ತುಕ್ಕಿನಿಂದ ಚರ್ಮದ ಅಂಚೆಲ್ಲ ಕೆಂಪಾಗಿತ್ತು. ಒಂದು ಮುಖ ಪೂರ್ತಿ ಹರಿದಿತ್ತು. ಇನ್ನೊಂದರಲ್ಲಿ, ನಡುವಿಗಿಂತ ತುಸು ಅಂಚಿನ ಕಡೆಗೆ, ಕೋಲು ಬಿದ್ದು ಬಿದ್ದು ಕಡುಕಂದಾದ ಮಚ್ಚೆ. ಹಗ್ಗ ಬಿಚ್ಚುವ ಮೊದಲು ಅದು ಯಾವ ತೂತಿನಿಂದ ಯಾವ ತೂತಿಗೆ ಹೋಗಿದೆ ಎಂದು ಕಾಗದದ ಮೇಲೆ ಬರೆದುಕೊಂಡೆ, ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಬಳೆ ಎತ್ತಿದಾಗ ಬಾಯಿಯ ಅಂಚು ಕಂಡಿತು. ಚರ್ಮದ ಒತ್ತಡಕ್ಕೆ ಮರ ದುಂಡಗೆ ಸವೆದು ಹೊಳೆಯುತ್ತಿತ್ತು. ಅಂಥ ಸವೆತ ಷೋಕೇಸಿನಲ್ಲಿ ಕೂತ ದುಡಿಗೆ ಬರುವುದಿಲ್ಲ. ಅದು ನಿಜಕ್ಕೂ ನುಡಿದ ದುಡಿ. ಮಾಡಿದವನು ಎರಡೂ ಕಡೆಯಿಂದ ಕೊರೆಯುತ್ತಾ ಬಂದು ಸೊಂಟದಲ್ಲಿ ಸೇರಿಸಿದ್ದ. ಸೇರಿದ ಕಡೆ ಒಂದು ಸಣ್ಣ ಮೆಟ್ಟಿಲು ಹಾಗೇ ಉಳಿದಿತ್ತು. ಟಾರ್ಚ್ ಬಿಟ್ಟು ನೋಡಿದರೆ ಬಾಯಿಯಿಂದ ಒಂದು ಬೆರಳು ಕೆಳಗೆ, ಉಳಿಯ ತುದಿಯಿಂದ ಗೀಚಿದ ಮೂರು ಗೀರು. ಅಕ್ಷರವಲ್ಲ, ಹೆಸರಲ್ಲ. ಪಕ್ಕಪಕ್ಕದಲ್ಲಿ ಮೂರು ನೆಟ್ಟಗಿನ ಗೀರು.

ಮೂರು ಎಂದರೆ ಒಂದು, ಎರಡು, ನಾಲ್ಕು ಇರಲೇಬೇಕು. ಮನೆಯವರನ್ನು ಕೇಳಿದೆ. ಮೊದಲು ಯಾರಿಗೂ ನೆನಪಿರಲಿಲ್ಲ. ಆಮೇಲೆ ಮನೆಯ ಹಿರಿಯ ಅಜ್ಜಿಯೊಬ್ಬರು, ಪಾಲಾಗುವಾಗ ಅಟ್ಟದ ಸಾಮಾನನ್ನೂ ನಾಲ್ಕು ಪಾಲು ಮಾಡಿದರು ಎಂದರು. ಕತ್ತಿ ಒಬ್ಬರಿಗೆ, ದೀಪ ಒಬ್ಬರಿಗೆ ಎಂದು ಹಂಚುವಾಗ ದುಡಿ ಮಾತ್ರ ಸರಿಯಾಗಿ ನಾಲ್ಕಿದ್ದುದರಿಂದ ಎಲ್ಲರಿಗೂ ಒಂದೊಂದು ಬಂತಂತೆ. ಲೆಕ್ಕ ನ್ಯಾಯವಾಗಿಯೇ ಇತ್ತು. ಆದರೆ ಅಂದಿನಿಂದ ಆ ನಾಲ್ಕೂ ಒಟ್ಟಿಗೆ ನುಡಿದಿಲ್ಲ.

ದಾಯಾದಿಗಳ ಮನೆಯೊಂದರಲ್ಲಿ ಇನ್ನೊಂದು ಸಿಕ್ಕಿತು. ಗಾಜಿನ ಹಿಂದೆ, ಕಪ್‌ಗಳ ಸಾಲಿನಲ್ಲಿ, ಫಳಫಳ ಹೊಳೆಯುತ್ತಿತ್ತು. ಪಾಲಿಶ್ ಮಾಡುವವನೊಬ್ಬನಿಗೆ ಕೊಟ್ಟಿದ್ದರಂತೆ. ಆತ ಮೊದಲು ಉಜ್ಜುಕಾಗದ ಹಾಕಿ ಹೊಗೆಯ ಕಪ್ಪನ್ನೆಲ್ಲ ತೆಗೆದಿದ್ದಾನೆ. ಬಿರುಕಿಗೆ ಪುಟ್ಟಿ ತುಂಬಿದ್ದಾನೆ. ಮರದ ಜೊತೆಗೆ ಚರ್ಮಕ್ಕೂ ವಾರ್ನಿಷ್ ಬಳಿದಿದ್ದಾನೆ. ಒಳಗೆ ಬ್ರಷ್ ಹೋದಷ್ಟು ದೂರ ಬಳಿದು, ಅಲ್ಲಿಗೆ ನಿಲ್ಲಿಸಿದ್ದಾನೆ. ಅದರ ಆಚೆ ಒಂದೇ ಗೀರು ಉಳಿದುಕೊಂಡಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದೇ ಹಲಸು, ಅದೇ ಉಳಿ, ಅದೇ ಕೈ. ಬೆರಳಿನಿಂದ ತಟ್ಟಿದರೆ ಹರಿದ ಮುಖದ ದುಡಿಯ ಒಡಲು ಇನ್ನೂ ಉಲಿಯುತ್ತಿತ್ತು. ವಾರ್ನಿಷ್ ಕುಡಿದ ಚರ್ಮ ಡಬ್ಬಿಯ ಮುಚ್ಚಳದಂತೆ ಟಕ್ ಎಂದು ಸುಮ್ಮನಾಯಿತು. ಹೊಗೆಯ ಪದರದಲ್ಲಿ ಯಾರ ಕೈ ಎಲ್ಲಿ ಹಿಡಿಯುತ್ತಿತ್ತು, ಕಟ್ಟು ಎಲ್ಲಿ ಉಜ್ಜುತ್ತಿತ್ತು ಎಂಬ ಗುರುತೆಲ್ಲ ಇರುತ್ತದೆ. ಅದನ್ನು ಕೆರೆದು ತೆಗೆದ ಮೇಲೆ ಯಾವ ಪಂಡಿತನೂ ಮರಳಿ ಕೊಡಲಾರ. ಆ ಮನೆಯವರು ಪ್ರೀತಿಯಿಂದಲೇ ಮಾಡಿಸಿದ್ದರು, ಹಣವನ್ನೂ ಖರ್ಚು ಮಾಡಿದ್ದರು. ಯಾರಾದರೂ ಮೊದಲೇ ಹೇಳಿದ್ದರೆ ಮಾಡಿಸುತ್ತಿರಲಿಲ್ಲ ಎಂದು ಬಹಳ ನೊಂದುಕೊಂಡರು. ನಾನು ಈ ವಿಷಯವನ್ನು ಎಲ್ಲರಿಗೂ ಬಹಿರಂಗವಾಗಿ ಬರೆಯಲು ಅವರ ಆ ಮಾತೇ ಕಾರಣ.

ಇನ್ನೊಂದು ಸೂಕ್ಷ್ಮ ವಿಚಾರ. ಅಟ್ಟದಲ್ಲಿ ಸಿಕ್ಕ ದುಡಿಯೆಲ್ಲ ನಮ್ಮ ಬಾಳೋಪಾಟಿನ ದುಡಿಯೇ ಆಗಿರಬೇಕಿಲ್ಲ. ನಮ್ಮ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಎರವರಿಗೂ ಅವರದೇ ದುಡಿ ಇದೆ, ಊದುವ ವಾದ್ಯದೊಂದಿಗೆ ಅದನ್ನು ಬಾರಿಸುತ್ತಾರೆ. ಗಡಿಯಾಚೆ ವಯನಾಡಿನಲ್ಲಿ ಪಣಿಯರ ತುಡಿ ಇದೆ. ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ದುಡಿ ಕುಣಿತವೇ ಇದೆ. ನಿಮ್ಮ ಮನೆಯಲ್ಲಿ ಸಿಕ್ಕ ದುಡಿ ಅಳತೆಯಲ್ಲಿ ದೊಡ್ಡದಾಗಿದ್ದು ಕಟ್ಟುವ ರೀತಿ ಬೇರೆಯಾಗಿದ್ದರೆ, ನಿಮ್ಮ ತೋಟದ ಲೈನ್ ಮನೆಗಳಲ್ಲಿರುವ ಹಿರಿಯರನ್ನು ಕರೆದು ಕೂರಿಸಿ, ಅದನ್ನು ಅವರ ಕೈಗೆ ಕೊಟ್ಟು ಕೇಳಿ. ಅವರದೆಂದು ಗೊತ್ತಾದರೆ ಅದು ಅವರ ಮನೆಗೆ ಹೋಗಬೇಕು. ಹೇಗೆ ಬಂತು, ಯಾರು ತಂದರು ಎಂಬ ವಿಚಾರಣೆ ಬೇಡ. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ ಎಂದು ಬಲ್ಲೆ. ಆದರೂ ನನಗೆ ಇದರಲ್ಲಿ ಎರಡನೆಯ ಯೋಚನೆ ಇಲ್ಲ.

ಹಾಗೆಯೇ, ದುಡಿಯನ್ನು ನಾವು ಹಾಡುತ್ತಾ ಬಂದೆವು ಎಂದರೂ ಮಾಡಿಕೊಟ್ಟ ಕೈಗಳು ಬೇರೆ. ಮರ ಮತ್ತು ಲೋಹದ ಕೆಲಸ ಐರಿಯವರದು, ವಾಲಗದ ವಾದ್ಯಗಳ ಚರ್ಮ ಹಗ್ಗಗಳ ಅನುಭವ ಮೇದರದು. ನಿಮ್ಮ ಊರಿನಲ್ಲಿ ಈ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದರೆ ರಿಪೇರಿಗೆ ಅವರೇ ಮೊದಲು. ಪೇಟೆಯ ಪೀಠೋಪಕರಣ ಅಂಗಡಿಗೆ ದುಡಿ ಹೋಗಬಾರದು. ಕೂಲಿ ಕೊಡುವಾಗ ಒಂದು ಸಣ್ಣ ಮರದ ತುಂಡೆಂದು ಚೌಕಾಸಿ ಮಾಡಬೇಡಿ. ಅವರು ಮಾಡುವಾಗ ನಿಮ್ಮ ಮನೆಯ ಒಬ್ಬ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಕೂತು ಪೂರ್ತಿ ನೋಡಲಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲಿ.

ಈಗ ರಿಪೇರಿ. ಮೊದಲ ಶತ್ರು ಹುಳು. ನಮ್ಮ ಅಡುಗೆಮನೆಗಳಲ್ಲಿ ಒಲೆ ಉರಿಯುತ್ತಿದ್ದಾಗ ಅಟ್ಟಕ್ಕೆ ಹೊಗೆ ಏರುತ್ತಿತ್ತು. ಮರಕ್ಕೂ ಚರ್ಮಕ್ಕೂ ಅದೇ ಔಷಧಿ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು. ಸಣ್ಣ ತೂತುಗಳು ಕಂಡ ಕೂಡಲೇ ಗಾಬರಿಯಾಗಬೇಡಿ, ಅವು ಎಂದೋ ಮುಗಿದ ಕಥೆ ಇರಬಹುದು. ದುಡಿಯನ್ನು ಕಪ್ಪು ಕಾಗದದ ಮೇಲೆ ಇಟ್ಟು ಒಂದು ವಾರ ಬಿಡಿ. ತಿಳಿ ಬಣ್ಣದ ಹೊಸ ಹುಡಿ ಬಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಸೀಮೆಎಣ್ಣೆ ಸುರಿಯಬೇಡಿ, ಗೆದ್ದಲಿನ ಔಷಧಿ ಸಿಂಪಡಿಸಬೇಡಿ. ನಾಳೆ ಅದನ್ನು ಹಿಡಿದು ಹಾಡುವವರ ಅಂಗೈಗೆ ಅದು ಹತ್ತುತ್ತದೆ. ಚರ್ಮ, ಹಗ್ಗ ಬಿಚ್ಚಿದ ಬರಿಯ ಮರವನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಹೋಗುವ ಡೀಪ್ ಫ್ರೀಜರಿನಲ್ಲಿ ಒಂದೆರಡು ವಾರ ಇಡುವುದು ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಕ್ರಮ. ಹೊರತೆಗೆದ ಮೇಲೆ ಮತ್ತೆ ಕೋಣೆಯ ಬಿಸಿಗೆ ಬರುವ ತನಕ ಪ್ಲಾಸ್ಟಿಕ್ ಬಿಚ್ಚಬಾರದು, ಇಲ್ಲದಿದ್ದರೆ ಮರದ ಮೇಲೆ ನೀರು ಕೂರುತ್ತದೆ. ಒಡಲಿನಲ್ಲಿ ದೊಡ್ಡ ಬಿರುಕಿದ್ದರೆ, ಮರ ತೀರ ಟೊಳ್ಳಾಗಿದ್ದರೆ, ಇದನ್ನೂ ಮನೆಯಲ್ಲಿ ಮಾಡಬೇಡಿ. ಮೈಸೂರಿನಲ್ಲಿ ಕೇಂದ್ರ ಸರಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಅವರನ್ನು ಒಂದು ಮಾತು ಕೇಳಿ ಮುಂದುವರಿಯಿರಿ.

ಬಿರುಕು ಕೂಡಿಸಲು ನಾನು ಬಳಸುವುದು ಮರವಜ್ರ, ಅಂದರೆ ಪ್ರಾಣಿಯ ಚರ್ಮದಿಂದ ತೆಗೆದ ಹಳೆಯ ಅಂಟು. ಅದನ್ನು ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು, ಸುಮಾರು 60 ಡಿಗ್ರಿಯಲ್ಲಿ ಕರಗಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ಇದೇ ಏಕೆ, ಇದಕ್ಕಿಂತ ಗಟ್ಟಿಯಾದ ಅಂಟು ಎಷ್ಟೋ ಇವೆಯಲ್ಲ ಎಂದು ಕೇಳುತ್ತಾರೆ. ಉತ್ತರಕ್ಕೆ ದೂರದ ಒಂದು ವಾದ್ಯ ನೋಡೋಣ. ಪಾಶ್ಚಾತ್ಯ ವಾದ್ಯಮೇಳದಲ್ಲಿ ನಿಂತು ನುಡಿಸುವ, ಆಳೆತ್ತರದ ಡಬಲ್ ಬಾಸ್ ಎಂಬ ಪಿಟೀಲು ಇದೆಯಲ್ಲ, ಅದನ್ನು ಇವತ್ತಿಗೂ ಇದೇ ಅಂಟಿನಿಂದ ಕೂಡಿಸುತ್ತಾರೆ. ಅಷ್ಟು ದೊಡ್ಡ ಪೆಟ್ಟಿಗೆ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಒತ್ತಡ ಮೀರಿದಾಗ ಹಲಗೆ ಸೀಳುವ ಬದಲು ಅಂಟಿನ ಗೆರೆ ಬಿಡಬೇಕು, ಮತ್ತೆ ಬಿಸಿ ಮಾಡಿ ಕೂಡಿಸಬೇಕು. ಸ್ವಲ್ಪ ಬಿಸಿ, ಸ್ವಲ್ಪ ತೇವ ಕೊಟ್ಟರೆ ಇಡೀ ಮುಖಹಲಗೆಯನ್ನೇ ತೆರೆದು ಒಳಗಿನ ಕೆಲಸ ಮಾಡಿ ಮುಚ್ಚಬಹುದು. ಹೀಗೆ ಇನ್ನೂರು ವರ್ಷದ ಬಾಸ್‌ಗಳು ಎಷ್ಟೋ ಸಲ ತೆರೆದು ಮುಚ್ಚಿ ಇನ್ನೂ ನುಡಿಯುತ್ತಿವೆ. ಗುರುತಿಸುವಾಗಲೂ ಪಿಟೀಲಿನ ಕುಶಲಕರ್ಮಿಗಳು ಒಳಗೆ ಅಂಟಿಸಿರುವ ಚೀಟಿಯನ್ನು ಮೊದಲಿಗೇ ನಂಬುವುದಿಲ್ಲ, ಏಕೆಂದರೆ ಸ್ಟ್ರಾಡಿವಾರಿಯ ಹೆಸರಿನ ಚೀಟಿ ಕಾರ್ಖಾನೆಯ ಸಾವಿರಾರು ಪಿಟೀಲುಗಳಲ್ಲಿದೆ. ನಾದದ ರಂಧ್ರದ ಅಂಚಿನಲ್ಲಿ ಮರದ ಪದರ ನೋಡುತ್ತಾರೆ: ಪ್ಲೈವುಡ್ಡೋ, ಇಡೀ ಹಲಗೆಯನ್ನು ಕೆತ್ತಿದ್ದೋ ಅಲ್ಲೇ ತಿಳಿಯುತ್ತದೆ. ನಮ್ಮ ದುಡಿಯಲ್ಲಿ ಚೀಟಿ ಇಲ್ಲ, ಅದರ ಬದಲು ಮನೆತನದ ಕಥೆ ಇದೆ. ಕಥೆಯನ್ನು ಗೌರವದಿಂದ ಬರೆದಿಟ್ಟುಕೊಳ್ಳಿ, ಆಮೇಲೆ ಬಳೆ ಎತ್ತಿ ಅಂಚು ನೋಡಿ.

ಫೆವಿಕಾಲ್, ಆರಲ್ಡೈಟ್ ಅಂಟುಗಳು ಬೇಡವೆನ್ನುವುದು ಅವು ಮರವಜ್ರದ ಹಾಗೆ ಬಿಡುವುದಿಲ್ಲ ಎಂಬುದಕ್ಕೇ. ನಮ್ಮ ಮುಂದಿನವರು ಅದನ್ನು ಬಿಚ್ಚಬೇಕಾದಾಗ ಮರವನ್ನೇ ಒಡೆಯಬೇಕಾಗುತ್ತದೆ.

ಚರ್ಮದ ವಿಷಯದಲ್ಲಿ ಎಚ್ಚರ ಬೇಕು. ಹಿಂದೆ ದುಡಿಗೆ ಕಾಡುಪ್ರಾಣಿಯ ಚರ್ಮ ಕಟ್ಟುತ್ತಿದ್ದ ಮಾತನ್ನು ಹಿರಿಯರಿಂದ ಕೇಳುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ಉಡದ ಚರ್ಮ ಕಟ್ಟುತ್ತಿದ್ದ ಖಂಜಿರಕ್ಕೂ ಈಗ ಬೇರೆ ಚರ್ಮ ಬಂದಿದೆ, ಕಛೇರಿಗಳು ನಿಂತಿಲ್ಲ. ನಿಮ್ಮ ದುಡಿಯ ಹಳೆಯ ಚರ್ಮ ಅಂಥದ್ದಿರಬಹುದೆಂಬ ಅನುಮಾನ ಬಂದರೆ ಅದನ್ನು ಮಾರುವುದು, ಫೋಟೋ ಹಾಕಿ ಬೆಲೆ ಕೇಳುವುದು, ಬೇರೆ ಊರಿಗೆ ಕಳಿಸುವುದು ಯಾವುದನ್ನೂ ಮಾಡದೆ ಅರಣ್ಯ ಇಲಾಖೆಯವರನ್ನು ವಿಚಾರಿಸಿ. ಹೊಸದಾಗಿ ಕಟ್ಟಲು ಆಡಿನ ಚರ್ಮ ಸಾಕು. ಬೆನ್ನಹುರಿಯ ಗೆರೆ ಬಂದ ಭಾಗ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದುಡಿಯಷ್ಟು ಚಿಕ್ಕ ಬಾಯಿಗೆ ಅದು ಬೇಡ, ಪಕ್ಕೆಯ ಕಡೆಯ ಸಮನಾದ ಭಾಗ ಆರಿಸಿ. ನೆನೆಸಿದ ಚರ್ಮವನ್ನು ಬಳೆಗೆ ಸುತ್ತಿ, ಮೊದಲು ಸುಮ್ಮನೆ ಕೂರುವಷ್ಟು ಮಾತ್ರ ಕಟ್ಟಿ, ನೆರಳಿನಲ್ಲಿ ಒಣಗಲು ಬಿಡಬೇಕು. ಒಣಗುತ್ತಾ ಅದು ತಾನೇ ಬಿಗಿಯುತ್ತದೆ. ಹಸಿಯಲ್ಲೇ ಬಲವಾಗಿ ಎಳೆದರೆ ಒಣಗುವಾಗ ಹರಿಯುತ್ತದೆ, ಅಥವಾ ಹಳೆಯ ಬಾಯಿಯನ್ನೇ ಸೀಳುತ್ತದೆ. ಹಳೆಯ ಮರಕ್ಕೆ ಹೊಸ ಚರ್ಮದ ಬಲ ಹೆಚ್ಚು. ಹಾಗಾಗಿ ಬಿಗಿಯನ್ನು ಹಲವು ದಿನಗಳಲ್ಲಿ, ಎದುರುಬದುರು ಹಗ್ಗಗಳನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ತರುತ್ತೇನೆ.

ಎಷ್ಟು ಬಿಗಿ ಬೇಕು ಎಂಬುದನ್ನು ಹಾಡುವವರೇ ಹೇಳಬೇಕು, ರಿಪೇರಿ ಮಾಡುವವನಲ್ಲ. ನಿಮ್ಮ ಊರಿನ ಬಾಳೋಪಾಟಿನ ಹಿರಿಯರನ್ನು ಕರೆಸಿ, ಅವರ ಕೈಗೆ ಕೊಡಿ. ಅವರು ಒಂದು ಸಾಲು ಹಾಡುತ್ತಾರೆ, ಅದುಮುತ್ತಾರೆ, ತಲೆಯಾಡಿಸುತ್ತಾರೆ, ಇಲ್ಲವೇ ವಾಪಸು ಕೊಡುತ್ತಾರೆ. ಆ ತೀರ್ಪಿನ ಮೇಲೆ ಇನ್ನೊಂದು ತೀರ್ಪಿಲ್ಲ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರುವುದು ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಚರ್ಮ ತೇವ ಎಳೆದುಕೊಂಡು ಸಡಿಲಾಗುತ್ತದೆ, ಆಗ ಹಿಡಿದ ಶ್ರುತಿ ಬಿಸಿಲು ಬಂದ ದಿನ ಎಲ್ಲೋ ಹೋಗಿರುತ್ತದೆ. ತುಲಾ ಸಂಕ್ರಮಣ ಕಳೆದು ಹವೆ ಒಣಗಿದ ಮೇಲೆ ಕಟ್ಟಲು ಕೂತರೆ ಪುತ್ತರಿಗೆ ಸರಿಯಾಗಿ ಸಿದ್ಧವಾಗುತ್ತದೆ.

ದುಡಿಯಲ್ಲದೆ, ಊದುವ ಲೋಹದ ಕೊಂಬಿನ ಬಗ್ಗೆಯೂ ಕೇಳಿದವರಿದ್ದಾರೆ. ಒಂದೇ ಮಾತು ಹೇಳುತ್ತೇನೆ. ಹುಣಸೆಹಣ್ಣು ಹಾಕಿ ವರ್ಷವರ್ಷ ಉಜ್ಜಬೇಡಿ, ಪ್ರತಿ ಸಲವೂ ಲೋಹ ಸ್ವಲ್ಪ ಸ್ವಲ್ಪ ಹೋಗುತ್ತದೆ. ಅದರ ತಗ್ಗು ಎತ್ತುವುದು ಬಲ್ಲವರ ಕೆಲಸ.

ಕೆಲಸ ಮುಗಿದ ದುಡಿಯ ಜೊತೆಗೆ ಒಂದು ಹಾಳೆ ಇಡಿ. ಯಾವ ಮನೆ, ಎಲ್ಲಿ ಸಿಕ್ಕಿತು, ಯಾರು ಹಾಡುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಾರೆ, ಯಾರು ರಿಪೇರಿ ಮಾಡಿದರು, ಏನು ಬದಲಾಯಿಸಿದರು, ಯಾವ ಅಂಟು ಹಾಕಿದರು. ತೆಗೆದ ಹಗ್ಗ, ಮುರಿದ ಬಳೆ, ಅನುಮಾನವಿಲ್ಲದ ಹಳೆಯ ಚರ್ಮದ ಚೂರು, ಎಲ್ಲವನ್ನೂ ಒಂದು ಬಟ್ಟೆಚೀಲದಲ್ಲಿ ಹಾಕಿ ಜೊತೆಗೇ ಇಡಿ. ಮಡಿಕೇರಿಯಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಇದೆ. ಒಂದೊಂದು ಒಕ್ಕವೂ ತನ್ನ ದುಡಿಗಳ ಹಾಳೆಯ ಒಂದು ಪ್ರತಿಯನ್ನು ಅಲ್ಲಿಗೂ ಕೊಟ್ಟರೆ, ಚಿಣ್ಣಪ್ಪನವರು ಹಾಡಿಗೆ ಮಾಡಿದ ಉಪಕಾರವನ್ನು ವಾದ್ಯಕ್ಕೆ ನಾವು ಮಾಡಿದಂತಾಗುತ್ತದೆ. ಅಕಾಡೆಮಿಯವರು ಇದನ್ನು ತಾವಾಗಿಯೇ ಎತ್ತಿಕೊಂಡರೆ ಇನ್ನೂ ಸಂತೋಷ.

ಪಟ್ಟೆದಾರರಲ್ಲಿ ಒಂದು ವಿಶೇಷ ಪ್ರಾರ್ಥನೆ. ಕೈಲ್‌ಪೊಳ್ದಿನ ದಿನ ಐನ್‌ಮನೆಯಲ್ಲಿ ಕೋವಿ ಕತ್ತಿಗಳನ್ನು ಇಳಿಸಿ ಪೂಜೆಗೆ ಇಡುವಾಗ, ದುಡಿಯನ್ನೂ ಇಳಿಸಿ ಅದರ ಪಕ್ಕದಲ್ಲಿಡಿ. ಪಾಲಾಗಿ ಹೋದ ದುಡಿಗಳನ್ನು ಆ ಒಂದು ದಿನ ತರುವಂತೆ ಎಲ್ಲ ಮನೆಗಳಿಗೂ ಹೇಳಿಕಳಿಸಿ. ಯಾರ ಪಾಲು ಯಾರಿಗೂ ಬಿಟ್ಟುಕೊಡಬೇಕಿಲ್ಲ. ನಾಲ್ಕೂ ಒಟ್ಟಿಗೆ ಬಂದು, ಒಳಗೆ ಟಾರ್ಚ್ ಬಿಟ್ಟು ನೋಡಿ, ಪುತ್ತರಿಯ ರಾತ್ರಿ ಮತ್ತೆ ಬಂದು ಒಟ್ಟಿಗೆ ನುಡಿದು, ಮರುದಿನ ಅವರವರ ಮನೆಗೆ ಹೋದರೂ ಸಾಕು.

ಕೊನೆಯದಾಗಿ ಒಂದು ವಿಚಾರಣೆ. ಮೇಲೆ ಹೇಳಿದ ಮನೆಯ ಇನ್ನೆರಡು ದುಡಿಗಳು ಇನ್ನೂ ಪತ್ತೆಯಾಗಿಲ್ಲ. ಹಲಸಿನ ಮರ, ಕೈಯಿಂದ ಕೊರೆದದ್ದು, ಉದ್ದ ಒಂದು ಗೇಣಿಗೆ ಒಂದು ಬೆರಳು ಕಡಿಮೆ, ಬಾಯಿ ನಾಲ್ಕು ಬೆರಳಗಲಕ್ಕೆ ತುಸು ಹೆಚ್ಚು, ಒಳಗೆ ಸೊಂಟದ ಹತ್ತಿರ ಸಣ್ಣ ಮೆಟ್ಟಿಲು. ಬಾಯಿಯಿಂದ ಒಂದು ಬೆರಳು ಕೆಳಗೆ ಒಂದರಲ್ಲಿ ಎರಡು ಗೀರು, ಇನ್ನೊಂದರಲ್ಲಿ ನಾಲ್ಕು ಗೀರು ಇರಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಯಲ್ಲೋ, ಬೆಂಗಳೂರಿನ ಯಾವುದೋ ಫ್ಲಾಟಿನಲ್ಲೋ, ಹಳೆಯ ಸಾಮಾನು ಕೊಳ್ಳುವವರ ಅಂಗಡಿಯಲ್ಲೋ ಇರಬಹುದು. ಕಂಡವರು ಹುದಿಕೇರಿಗೆ ಸುದ್ದಿ ಮುಟ್ಟಿಸಿ. ವಾರ್ನಿಷ್ ಬಳಿದಿದ್ದರೂ ಪರವಾಗಿಲ್ಲ, ತನ್ನಿ.

ಇಂತಿ ನಿಮ್ಮ,
ಹುದಿಕೇರಿಯ ದುಡಿ ಕಟ್ಟುವವನು